ನನ್ನ ನಂಬರಿಗೆ ಮಾತ್ರ

ಹಸಿರು ದೀಪ, ಡ್ರೈವರನ ಸೀಟಿನ ಪಕ್ಕ, ಚಾರ್ಜರಿನ ತುದಿಯಲ್ಲಿ ಜೋಳದ ಕಾಳಿನಷ್ಟು, ವ್ಯಾನು ಗುಂಡಿಗೆ ಇಳಿದಾಗಲೆಲ್ಲ ಆರಿ ಮತ್ತೆ ಹತ್ತುತ್ತದೆ, ಊರಲ್ಲಿ, ಕರೂರಿನ ಹೊಲದಲ್ಲಿ, ಫೋನ್ ಕರೆಗೆ ಬಾವಿಯ ಮೋಟಾರ್ ಏಳಿಸುವ ಡಬ್ಬಿಯ ದೀಪವೂ ಇಷ್ಟೇ, ಇದೇ ಹಸಿರು — ಇಲ್ಲಿಯೂ ಅದೇ ಯಾಕೆ ನೆನಪಾಗಬೇಕು, ಸಮುದ್ರ ದಾಟಿ ಬಂದಿದ್ದೇನೆ, ಶ್ರೀಲಂಕಾ, ಕೊಲಂಬೊದಿಂದ ಕ್ಯಾಂಡಿಗೆ ಹೋಗುವ ರಸ್ತೆ, ಭೌತಶಾಸ್ತ್ರ ಉಪನ್ಯಾಸಕರ ತರಬೇತಿ, ಬಳ್ಳಾರಿಯಿಂದ ನಾನೊಬ್ಬಳೇ, ಗಡಿಯಾರವನ್ನೂ ತಿರುಗಿಸಬೇಕಿಲ್ಲ, ಇಲ್ಲಿಯ ಹೊತ್ತೂ ಅಲ್ಲಿಯ ಹೊತ್ತೂ ಒಂದೇ, ಈ ಗಾಜಿನ ಮೇಲೆ ಬಿದ್ದ ಬೆಳಗಿನ ಬಿಸಿಲೇ ಅಲ್ಲಿ ಬಾವಿಯ ಕಟ್ಟೆಯ ಮೇಲೂ ಬಿದ್ದಿರುತ್ತದೆ. ಫೋನಿನ ನೆತ್ತಿಯಲ್ಲಿ ನೋ ಸರ್ವಿಸ್. ರೋಮಿಂಗ್ ಬೇಕೆಂದೇ ಹಾಕಿಸಲಿಲ್ಲ, ಮೂರು ದಿನಕ್ಕೆ ಯಾಕೆ, ಎಲ್ಲ ಕಡೆ ವೈಫೈ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಅನುಷಾಳಿಗೆ ನಾನೇ ಪಾಠ ಹೇಳಿದ್ದು. ವಿಮಾನ ನಿಲ್ದಾಣದ ವೈಫೈ ನಂಬರ್ ಕೇಳಿತು, ಕೊಟ್ಟೆ, ಓಟಿಪಿ ಕಳಿಸಿದ್ದೇವೆ ಎಂದಿತು, ಎಲ್ಲಿಗೆ, ಸತ್ತು ಮಲಗಿದ ಇದೇ ಸಿಮ್ಮಿಗೆ. ಸಿಮ್ ಅಂಗಡಿಯ ಮುಂದೆ ಉದ್ದ ಸಾಲು, ಹೊರಗೆ ನನ್ನ ಹೆಸರಿನ ಹಲಗೆ ಹಿಡಿದು ನಿಂತ ಈ ಡ್ರೈವರ್, ಹೋಟೆಲಿನಲ್ಲಿ ನೋಡಿಕೊಂಡರಾಯಿತು ಎಂದು ಹತ್ತಿ ಕೂತೆ. ಹೊತ್ತು ಹೋಗದೆ ಹಳೆಯ ಸಂದೇಶಗಳನ್ನು ತೆರೆದರೆ ಹುಲುಗೇಶರ ದನಿಯ ಸಂದೇಶ ಒಂದು ಕೇಳದೆ ಉಳಿದಿದೆ, ನಿನ್ನೆ ಬೆಂಗಳೂರಿನಲ್ಲಿ ಚೀಲ ತಪಾಸಣೆಯ ಸಾಲಿನಲ್ಲಿದ್ದಾಗ ಬಂದು ಇಳಿದದ್ದು, ಗಂಡನ ದನಿ ತಾನೇ, ಆಮೇಲೆ ಕೇಳಿದರಾಯಿತು ಎಂದು ಬಿಟ್ಟದ್ದು. ಕಿವಿಗೆ ಹಿಡಿದೆ. ಗೌತಮಿ, ವಿಮಾನ ಹತ್ತಿದ್ಯೋ ಇಲ್ಲೋ, ನಾ ನಾಳೆ ಮುಂಜಾನಿ ಬಾವ್ಯಾಗ ಇಳಿತೀನಿ, ಮೋಟ್ರಿಗೆ ಪಾಚಿ ಸುತಗೊಂಡೈತಿ, ಸಸಿಮಡಿಗೆ ಕಾಲುವಿ ನೀರು ತಿರುವೀನಿ, ನೀ ಚಿಂತಿ ಮಾಡಬ್ಯಾಡ, ನಿನ್ ಫೋನು ಸಮುದ್ರದ ಆಚಿಗಿ ಹೋತಂದ್ರ ನಿನ್ ಮಗ ಮೋಟ್ರಪ್ಪನೂ ಮಲಗಿದಂಗ, ಇದಕಿಂತ ಚಲೋ ದಿನ ಸಿಗತೈತೇನು — ಮತ್ತೆ ಅವರ ನಗು, ಹಿಂದೆ ಎಲ್ಲೋ ಎಮ್ಮೆಯ ಕೂಗು, ಮುಗಿಯಿತು.

ಮಲಗಿಲ್ಲ ರೀ, ಮೋಟಾರ್ ಮಲಗಿಲ್ಲ, ನಾನು ಅದನ್ನು ಆಟೋದಲ್ಲಿ ಇಟ್ಟು ಬಂದಿದ್ದೇನೆ. ನಿನ್ನೆ ಬಳ್ಳಾರಿ ಸ್ಟೇಷನ್ನಿನ ಬೆಂಚಿನ ಮೇಲೆ, ರೈಲು ಬರುವ ಮೊದಲು, ಡಬ್ಬಿಗೆ ಫೋನ್ ಹಚ್ಚಿ ಗುಂಡಿ ಒತ್ತಿದೆ, ಬೀಪ್ ಬೀಪ್ ಎಂದಿತು, ಇನ್ನು ಅದಕ್ಕೆ ನನ್ನ ಕರೆ ಬೇಕಿಲ್ಲ, ತ್ರೀ ಫೇಸ್ ಕರೆಂಟ್ ಬಂದರೆ ಸ್ವಲ್ಪ ತಡೆದು ತಾನೇ ಏಳುತ್ತದೆ, ಹೋದರೆ ತಾನೇ ಮಲಗುತ್ತದೆ, ನಾನಿಲ್ಲದ ದಿನಗಳಲ್ಲಿ ಸಸಿ ಒಣಗುವುದಿಲ್ಲ ಎಂದು ಎಷ್ಟು ಸಮಾಧಾನದಿಂದ ರೈಲು ಹತ್ತಿದ್ದೆ. ಅವರಿಗೂ ಹೇಳಿದೆನೆಂದೇ ಈವರೆಗೆ ನನ್ನ ಲೆಕ್ಕ — ವಿಮಾನದ ಸೀಟಿನಲ್ಲಿ ಕೂತು ಬರೆದೆ, ರೀ ಮೋಟ್ರು ಆಟೋದಾಗ ಐತಿ, ಫ್ಯೂಸ್ ತೆಗಿಲಾರದ ಬಾವಿ ಕಡಿ ಹೋಗಬ್ಯಾಡ್ರಿ, ಒತ್ತಿದೆ, ಹೋಯಿತು ಎಂದುಕೊಂಡೆ, ಫೋನು ಆಗಲೇ ಫ್ಲೈಟ್ ಮೋಡಿನಲ್ಲಿತ್ತು, ಈಗ ನೋಡಿದರೆ ಆ ಸಾಲಿನ ಪಕ್ಕ ಸಣ್ಣ ಗಡಿಯಾರದ ಗುರುತು, ಟಿಕ್ ಇಲ್ಲ, ನನ್ನ ಮಾತು ನನ್ನ ಅಂಗೈಯಲ್ಲೇ ಕೂತಿದೆ. ಸಿರುಗುಪ್ಪದ ಅಂಗಡಿಯವನು ಡಬ್ಬಿ ಕೊಡುವಾಗ ಹೇಳಿದ್ದ, ಮನಿಮಂದಿದೆಲ್ಲಾ ನಂಬರ್ ಹಾಕಬೌದ್ರಿ ಮೇಡಂ. ಮೊದಲು ಇಬ್ಬರದೂ ಹಾಕಿದ್ದೆ, ಇವರ ಅಂಗಿಯ ಜೇಬು ಕೂತಲ್ಲಿ ನಿಂತಲ್ಲಿ ತಾನೇ ಮೋಟಾರಿಗೆ ಫೋನ್ ಮಾಡಿ, ಬಾವಿ ಬತ್ತಿದ ಮೇಲೂ ಅದು ಓಡಿ, ಕಾಯಿಲ್ ಸುಟ್ಟಿತು, ಅವತ್ತೇ ಅವರ ನಂಬರ್ ತೆಗೆದೆ. ವಾರವಿಡೀ ನಾನು ಬಳ್ಳಾರಿಯಲ್ಲಿ, ಶನಿವಾರ ಕರೂರಿಗೆ, ಆದರೂ ಎರಡು ತರಗತಿಗಳ ನಡುವೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು, ಎದುರಿಗೆ ಕೋಟೆಯ ಗುಡ್ಡ, ನಾನು ಕರೆದರೆ ಅಲ್ಲಿ ನೀರು ಏಳುತ್ತಿತ್ತು, ಗಂಡಗಿಂತ ಮೋಟ್ರಿಗೇ ಜಾಸ್ತಿ ಫೋನ್ ಮಾಡ್ತಾರ ನೋಡ್ರಿ ನಮ್ ಮೇಡಮ್ಮೋರು, ಎನ್ನುತ್ತಿದ್ದಳು ಅನುಷಾ. ಬ್ಯಾಟರಿ ಸತ್ತ ಡಬ್ಬಿ, ಕರೆಂಟ್ ಇಲ್ಲದಿದ್ದರೆ ಅದರ ಸಿಮ್ಮಿಗೂ ಜೀವವಿಲ್ಲ, ಸ್ವಿಚ್ ಆಫ್ ಆಗಿದೆ ಎನ್ನುವ ಹೆಣ್ಣುದನಿ ಕೇಳಿ ಎಷ್ಟು ಸಲ ಸಿಡುಕಿಲ್ಲ ನಾನು. ಕರೆಂಟಿದ್ದು ಬೇರೆ ಯಾರಾದರೂ ಕರೆದರೆ ಹಸಿರು ದೀಪ ಮಿನುಗುತ್ತದೆ, ಕರೆ ತಾನೇ ಕಡಿಯುತ್ತದೆ, ನನ್ನ ನಂಬರಿಗೆ ಮಾತ್ರ ಬಗ್ಗುತ್ತದೆ, ಆ ಹೆಮ್ಮೆ ಇತ್ತಲ್ಲ, ಇತ್ತು.

ಕೇಬಲ್ಲಿನ ಜೋಡಣೆ ನೀರಿನೊಳಗಿದೆ, ಟೇಪಿನ ಮೇಲೆ ಟೇಪು, ನಾಟಿ ಮುಗಿಯಲಿ ಹೊಸದು ಹಾಕಿಸೋಣ ಎಂದು ಮಾತಾಗಿತ್ತು. ಹೋದ ತಿಂಗಳು ಮೋಟಾರ್ ಓಡುತ್ತಿರುವಾಗ ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲಿದವು, ಬಿಳಿ ಹೊಟ್ಟೆ, ಕಾಲು ಚಾಚಿಕೊಂಡು, ಪ್ರಯೋಗಾಲಯದ ತಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ಇಟ್ಟ ಹಾಗೆ, ಇವರು ಮೆಟ್ಟಿಲ ಮೇಲೆ ಕೂತು ಬೆರಳು ಅದ್ದಿ ನೋಡಿದರು, ಚುಮುಚುಮು ಅಂತೈತಿ ಬಾ ನೀನೂ ನೋಡು, ನಕ್ಕರು, ನಾನು ಕೈ ಹಿಡಿದು ಎಳೆದೆ. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಒಣ ಚರ್ಮದ ರೋಧ ಹೆಚ್ಚು, ಒದ್ದೆಯಾದರೆ ಕುಸಿಯುತ್ತದೆ, ಸ್ನಾಯು ಬಿಗಿದುಕೊಂಡರೆ ಹಿಡಿದ ಕೈ ಬಿಡಲಾಗುವುದಿಲ್ಲ, ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಗೆ ಬರುತ್ತದೇನ್ರಿ ಮಿಸ್ ಎಂದು ಕೇಳುತ್ತಾರೆ. ಮನೆಯಲ್ಲೂ ಹೇಳಿದೆ, ಫ್ಯೂಸ್ ತೆಗೆದು ಜೇಬಿಗೆ ಹಾಕ್ಕೊಂಡ ಮ್ಯಾಲೇ ಇಳೀರಿ. ಫ್ಯೂಸ್ ಯಾಕ ತೆಗೀಬೇಕ ಲೇ, ನಿನ್ ಫೋನ್ ಬರಲಾರದ ಅದು ಏಳಂಗಿಲ್ಲ, ನಿನ್ ಫೋನೇ ನನ್ ಫ್ಯೂಸು. ಒಳ್ಳೆಯ ಮಾತು ಎನಿಸಿತ್ತು ಆಗ, ಇಬ್ಬರೂ ನಕ್ಕಿದ್ದೆವು. ಇಳಿಯುವ ಮೊದಲು ಚಪ್ಪಲಿಗಳನ್ನು ಕಟ್ಟೆಯ ಮೇಲೆ ಜೋಡಿಸಿ ಇಡುತ್ತಾರೆ, ಅಂಗಿ ಬಿಚ್ಚಿ ಫೋನನ್ನು ಅದರಲ್ಲಿ ಸುತ್ತಿ ಚಪ್ಪಲಿಯ ಮೇಲೆ, ಬೆನ್ನು ಶೆಡ್ಡಿನ ಕಡೆಗೆ, ಶೆಡ್ಡಿನೊಳಗೆ ಡಬ್ಬಿ, ಡಬ್ಬಿಯಲ್ಲಿ ದೀಪ — ಬಿಸಿಲು ಏರುತ್ತಿದೆ, ನೀರು ತಣ್ಣಗಿರುವಾಗಲೇ ಇಳಿಯುವುದು ಅವರ ರೂಢಿ.

ಅಣ್ಣಾ, ಫೋನ್, ಇಂಡಿಯಾ, ಪ್ಲೀಸ್. ತಮಿಳಿನವನು, ಕನ್ನಡಿಯಲ್ಲಿ ನನ್ನ ಮುಖ ನೋಡಿದವನೇ ವ್ಯಾನನ್ನು ಬದಿಗೆ ನಿಲ್ಲಿಸಿ ಕೊಟ್ಟ, ನೆಟ್ ಇಲ್ಲದ ಹಳೆಯ ಗುಂಡಿಯ ಫೋನು, ಬ್ಯಾಲೆನ್ಸ್ ಕೊಂಜಂ ಎಂದ, ನಮ್ಮ ಕೊಂಚವೇ, ತಿಳಿಯಿತು. ನನ್ನ ಫೋನಿನಿಂದ ಅವರ ನಂಬರ್ ಓದಿ ಒತ್ತಿದೆ. ರಿಂಗಾಯಿತು, ಕಟ್ ಆಯಿತು. ಕಟ್ ಮಾಡಿದರು — ಅಂದರೆ ಫೋನು ಕೈಯಲ್ಲಿದೆ, ಕೈ ಒಣಗಿದೆ, ಇನ್ನೂ ಕಟ್ಟೆಯ ಮೇಲಿದ್ದಾರೆ. ಎತ್ರಿ, ನಾನು. ಮತ್ತೆ ಕಟ್. ಹೊರದೇಶದ ನಂಬರ್ ಬಂದ್ರ ಎತ್ತಬ್ಯಾಡ್ರಿ, ಸಿರಿಗೇರಿಯಾಗ ಒಬ್ಬರ ಖಾತಿ ಖಾಲಿ ಮಾಡ್ಯಾರ, ಯಾರು ಹೇಳಿದ್ದು, ನಾನೇ, ಬ್ಲಾಕ್ ಮಾಡುವುದನ್ನೂ ಅವರ ಬೆರಳು ಹಿಡಿದು ಒತ್ತಿಸಿ ಕಲಿಸಿದ್ದು ನಾನೇ, ಮೂರನೆಯ ಸಲ ರಿಂಗೇ ಆಗಲಿಲ್ಲ, ಕಲಿತಿದ್ದಾರೆ, ಚೆನ್ನಾಗಿ ಕಲಿತಿದ್ದಾರೆ. ಪಕ್ಕದ ಹೊಲದ ಭೀಮರಾಜ ಎತ್ತುವುದೇ ಇಲ್ಲ, ಅವನ ಫೋನು ಮನೆಯಲ್ಲೇ ಇರುವುದು. ಕುರುಗೋಡಿನಲ್ಲಿ ಅವ್ವ ಎತ್ತಿದಳು. ಯಾರ್ರಿ. ಯವ್ವಾ ನಾನು ಗೌತಮಿ, ಲಗೂನ ಅವ್ರಿಗೆ ಫೋನ್ ಹಚ್ಚು, ಬಾವ್ಯಾಗ ಇಳಿಬ್ಯಾಡ್ರಿ ಅಂತ ಹೇಳು. ಹಿಂದೆ ಕುಕ್ಕರಿನ ಸೀಟಿ. ನಮ್ ಗೌತಮಿ ದೇಶದಾಗ ಇಲ್ರಿ, ಆಕಿ ಫೋನ್ ನಡಿಯಂಗಿಲ್ಲ ಅಂತ ಆಕೀನೇ ಹೇಳಿ ಹೋಗ್ಯಾಳ. ಯವ್ವಾ, ನನ್ ದನಿ ಗುರ್ತು ಸಿಗವಲ್ದೇನ. ದನೀನೂ ಮಿಷನ್ನಿನಾಗ ಮಾಡ್ತಾರಂತ, ಮಗಳಂಗ ಅತ್ತು ರೊಕ್ಕ ಕೇಳ್ತಾರಂತ, ಅದನ್ನೂ ಆಕೀನೇ ಹೇಳ್ಯಾಳ, ನನಗೇನು ತಿಳಿಯಂಗಿಲ್ಲ ಮಾಡೀರಾ, ದುಡಕೊಂಡು ತಿನ್ರಿ ಎಪ್ಪಾ, ಮಂದಿ ಮನಿ ಹಾಳ್ ಮಾಡಬ್ಯಾಡ್ರಿ. ಇಟ್ಟಳು. ಮತ್ತೆ ಒತ್ತಿದೆ, ಎತ್ತಲಿಲ್ಲ. ದುರುಗಮ್ಮ, ನನ್ನ ತಾಯಿ, ಒಂದಕ್ಷರ ಕಲಿಯದವಳು, ನಾನು ಕಲಿಸಿದ್ದನ್ನು ಒಂದೂ ಮರೆತಿಲ್ಲ.

ಇನ್ನೊಂದೇ ಕರೆಯಾಗಬಹುದು ಎಂದು ಡ್ರೈವರ್ ಬೆರಳು ತೋರಿಸುತ್ತಾನೆ, ಯಾರಿಗೆ, ಇನ್ನು ಯಾರಿದ್ದಾರೆ — ಡಬ್ಬಿಗೆ. ಅದು ನನ್ನನ್ನು ಒಳಗೆ ಬಿಡುವುದಿಲ್ಲ, ಗೊತ್ತು, ಇದು ನನ್ನ ನಂಬರಲ್ಲ, ಆದರೆ ಒಂದು ಸಂಗತಿಯನ್ನು ಅದು ಹೇಳದೆ ಇರಲಾರದು, ಸ್ವಿಚ್ ಆಫ್ ಎಂದರೆ ಕರೂರಿನಲ್ಲಿ ಕರೆಂಟ್ ಇಲ್ಲ, ಇಳಿದಿದ್ದರೂ ಅದು ಬರೀ ನೀರು, ಬರೀ ಪಾಚಿ, ನನಗೆ ಹೋಟೆಲು ಮುಟ್ಟುವಷ್ಟು ಹೊತ್ತಿದೆ. ಆ ನಂಬರ್ ನೋಡಿಕೊಳ್ಳಬೇಕಿಲ್ಲ, ನನ್ನದಲ್ಲದೆ ಬಾಯಿಪಾಠವಿರುವುದು ಅದೊಂದೇ. ಒತ್ತಿದೆ. ನಿಶ್ಶಬ್ದ, ಸಮುದ್ರದಷ್ಟು ಅಗಲದ ನಿಶ್ಶಬ್ದ, ಹೇಳು ತಾಯಿ, ಸ್ವಿಚ್ ಆಫ್ ಆಗಿದೆ ಅನ್ನು, ದಿನಾ ಹೇಳುತ್ತಿದ್ದೆಯಲ್ಲ, ನಾನು ಸಿಡುಕುತ್ತಿದ್ದೆ, ಇನ್ನೆಂದೂ ಸಿಡುಕುವುದಿಲ್ಲ, ಅನ್ನು — ಟ್ರಿಂ. ರಿಂಗಾಗುತ್ತಿದೆ. ಕರೂರಿನಲ್ಲಿ ಕರೆಂಟ್ ಬಂದಿದೆ, ಡಬ್ಬಿ ಎದ್ದಿದೆ, ಮೋಟಾರ್ ಏಳುವ ಮೊದಲು ನಾನು ಹೊಂದಿಸಿಟ್ಟ ತಡೆಯ ಕ್ಷಣಗಳು ಓಡುತ್ತಿವೆ, ಕಟ್ಟೆಯ ಮೇಲೆ ಚಪ್ಪಲಿ, ಚಪ್ಪಲಿಯ ಮೇಲೆ ಅಂಗಿ, ಮೆಟ್ಟಿಲಿಳಿಯುವ ಬೆನ್ನು, ತಿರುಗ್ರಿ, ಒಂದು ಸಲ ಹಿಂದಕ್ಕೆ ನೋಡ್ರಿ, ಶೆಡ್ಡಿನ ಕತ್ತಲಲ್ಲಿ ನಿಮ್ಮ ಬೆನ್ನಿಗೆ, ಕರೀತಿರೋದು ನಾನೇ, ಹಸಿರು ದೀಪ, ಮಿನುಗಿ, ಹಸಿರು, ದೀಪ —