ಒಬ್ಬನೇ ಬಂದ ಗಿರಾಕಿ

ಕೆಸರಿಗೆ ಶ್ರಾವಣದ ಬಿಸಿಲು ಬಿದ್ದರೆ ಏಳುವ ವಾಸನೆ, ಕೊಳೆತ ಹೊಂಗೆಸೊಪ್ಪು, ಹಸಿ ಗೊಬ್ಬರ, ಡೀಸೆಲ್ಲು — ಡೀಸೆಲ್ಲು ಎಲ್ಲಿಂದ ಬಂತು, ಓ, ಬೆಳಿಗ್ಗೆ ದುದ್ದದಿಂದ ಬಂದ ಬಾಡಿಗೆ ಟ್ರ್ಯಾಕ್ಟರು ಕೆಸರು ಹೊಡೆದು ಹೋಯಿತಲ್ಲ, ಅದರ ಎಣ್ಣೆ ನಾಲ್ಕು ತೊಟ್ಟು ಬದುವಿನ ಬುಡದಲ್ಲಿ ಚೆಲ್ಲಿ ನೀರಿನ ಮೇಲೆ ನವಿಲುಗರಿಯ ಬಣ್ಣ ಕಟ್ಟಿದೆ, ನಿಂಗಯ್ಯ ಕಾಲುವೆಯಲ್ಲಿ ಕಾಲು ತೊಳೆಯುತ್ತ ಅದನ್ನೇ ನೋಡಿದ, ಹಿಂದೆ ನಾಟಿ ಹೆಂಗಸರ ಸಾಲು ಬೆನ್ನು ಬಗ್ಗಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದೆ, ಪೈರಿನ ಕಟ್ಟು ಎಸೆದಾಗ ಬೀಳುವ ಚಪ್ ಸದ್ದು, ಹೆಂಡತಿ ತಾಯಮ್ಮ ನಡು ನೆಟ್ಟಗೆ ಮಾಡಿ, ಎತ್ಲಾಗೆ ಒಂಟ್ರಿ? ಮಂಡ್ಯಕ್ಕೆ. ನಾಟಿ ದಿನ ಮನೆ ಯಜಮಾನ ಗದ್ದೇಲಿಲ್ದೆ ಮಂಡ್ಯದಲ್ಲಿ ಏನು ಕಡ್ದು ಕಟ್ಟೆ ಆಕೋಕಂತೆ? ಹೆಂಗಸರು ನಕ್ಕರು, ಗಂಡ ಟ್ರಾಕ್ಟರ್ ತತ್ತಾನೆ ಕಣವ್ವ, ದಿಬ್ಬಣ ರೆಡಿ ಮಾಡು ಅಂದಳು ಯಾರೋ ಒಬ್ಬಳು, ಅವನೂ ನಕ್ಕ, ನಗದೆ ಏನು ಮಾಡುವುದು, ಊರಿಗೆಲ್ಲ ಗೊತ್ತು ಅವನು ಟ್ರ್ಯಾಕ್ಟರು ಕೊಳ್ಳದೆ ಟ್ರ್ಯಾಕ್ಟರು ನೋಡುವ ಕೆಲಸ ಹಿಡಿದಿದ್ದಾನೆಂದು, ಪಕ್ಕದ ಗದ್ದೆ ತಮ್ಮನದು, ಮಾದಯ್ಯನದು, ಅಲ್ಲಿ ನಾಲೆ ನೀರು ಸುಮ್ಮನೆ ನಿಂತು ಆಕಾಶ ತೋರಿಸುತ್ತಿದೆ, ಇನ್ನೂ ಕೆಸರು ಹೊಡೆದಿಲ್ಲ, ಅವನ ಹಳೇ ಟ್ರ್ಯಾಕ್ಟರು ಕೆಟ್ಟು ಕೂತಿದೆಯಂತೆ, ಹೊಸದು ತಗೋತಾನೆ ಅಂದಿದ್ದರು, ಯಾಕೋ ತಗೊಳ್ಳಲಿಲ್ಲ, ಸ್ವಂತ ಗಾಡಿ ಇದ್ದವನು ಬಾಡಿಗೆಯವನನ್ನು ಕರೆಯುವುದಕ್ಕೆ ಮಾನ ಬಿಡಬೇಕು, ಮಾಡಿಕೊಳ್ಳಲಿ ಬುಡು, ನನಗೇನು.

ನನಗೇನು, ನನಗೇನು, ಬಸ್ಸಿನ ಇಂಜಿನ್ನೂ ಅದನ್ನೇ ಹೇಳುತ್ತ ಹೋಯಿತು, ಅಪ್ಪ ತೀರಿದ ಮೇಲೆ ಪಾಲಾದಾಗ ದೊಡ್ಡವರು ಕೂತು ಮಾತಾಡಿದ್ದು, ಗದ್ದೆ ಸೀಳಬಹುದು ತೆಂಗಿನ ಮರ ಎಣಿಸಬಹುದು, ಟ್ರ್ಯಾಕ್ಟರು ಸೀಳುವುದು ಹೇಗೆ, ದೊಡ್ಡೋನಿಗೆ ಓಡ್ಸಕ್ಕೆ ಬರಕಿಲ್ಲ, ಚಿಕ್ಕೋನು ಓಡುಸ್ತಾನೆ, ಅವುನ್ಗೇ ಇರ್ಲಿ ಬುಡ್ರಪ್ಪ — ಬರಕಿಲ್ಲ, ಅಷ್ಟು ಜನದ ಮುಂದೆ, ಸುಳ್ಳೇನಲ್ಲ, ಅವನಿಗೆ ಬರುವುದಿಲ್ಲ, ಒಮ್ಮೆ ಹತ್ತಿ ತಿಪ್ಪೆಗೆ ನುಗ್ಗಿಸಿದ್ದ, ಆದರೂ ಅಷ್ಟು ಜನದ ಮುಂದೆ, ಅವತ್ತು ಜಗಲಿಯಿಂದ ಎದ್ದವನು ತಮ್ಮನಿಗೆ ಹೇಳಿದ್ದ, ನಿನ್ನ ಟ್ರಾಕ್ಟ್ರು ನನ್ ಗದ್ದೆಗೆ ಇಳಿಕೂಡ್ದು ಕಣ್ಲಾ, ಇಳಿಯಲಿಲ್ಲ, ಮಾತೂ ಇಳಿಯಲಿಲ್ಲ, ಹೆಂಗಸರು ನಲ್ಲಿಯ ಹತ್ತಿರ ಮಾತಾಡುತ್ತಾರೆ, ಗಂಡಸರು ಎದುರಾದರೆ ಒಬ್ಬರು ಬೇಲಿ ನೋಡುತ್ತಾರೆ ಇನ್ನೊಬ್ಬರು ಚಪ್ಪಲಿ ನೋಡುತ್ತಾರೆ. ಆಮೇಲೆ ತಾಯಮ್ಮನ ಅಣ್ಣನ ಮಗಳು ದೀಪಿಕ ಫೋನು ಮಾಡಿದ್ದು ಮೈಸೂರಿನಿಂದ, ಮಾವ, ನಮ್ಮ ಆಫೀಸಿಂದ ಅಂಗಡಿಗಳಿಗೆ ಗಿರಾಕಿ ಥರ ಜನ ಕಳಿಸ್ತೀವಿ, ಮರ್ಯಾದೆ ಕೊಡ್ತಾರಾ, ಸರಿಯಾಗಿ ತೋರಿಸ್ತಾರಾ ಅಂತ ನೋಡ್ಕೊಂಡು ಬಂದು ಹೇಳೋದು, ಟ್ರ್ಯಾಕ್ಟರ್ ಶೋರೂಮಿಗೆ ರೈತರ ಥರ ಕಾಣೋರು ಬೇಕು. ಥರ ಏನವ್ವ, ನಾನು ರೈತನೇಯ. ಅದಕ್ಕೇ ಮಾವ ನಿಮ್ಮನ್ನ ಕೇಳ್ತಿರೋದು, ಆದರೆ ಹೆಸರು ಊರು ಬೇರೆ ಹೇಳ್ಬೇಕು, ಅವರು ಗುರುತು ಹಿಡಿದ್ರೆ ಮುಗೀತು, ಇನ್ನೊಬ್ಬರನ್ನ ಹಾಕ್ತಾರೆ. ಮುಗೀತು ಎಂಬುದು ಆಗ ಹಗುರವಾಗಿ ಕೇಳಿತ್ತು, ಈಗ ಹಾಗಲ್ಲ, ಮದ್ದೂರಿನಲ್ಲಿ ಮೊದಲ ಸಲ ಒಳಗೆ ಕಾಲಿಟ್ಟಾಗ ಒಬ್ಬ ಹುಡುಗಿ ಎದ್ದು ನಿಂತು, ಬನ್ನಿ ಯಜಮಾನ್ರೇ ಅಂದಿದ್ದಳು, ನೀರು ಕೊಟ್ಟಿದ್ದಳು, ಹೊಸ ಬಣ್ಣದ ವಾಸನೆಯ ಗಾಡಿಯ ಮೇಲೆ ಹತ್ತಿಸಿ ಕೂರಿಸಿದ್ದಳು, ಸ್ಟೇರಿಂಗು ಹಿಡಿದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ ಇವನಿಗೆ ಬರುತ್ತದೋ ಇಲ್ಲವೋ, ಅಲ್ಲಿ ಬರಕಿಲ್ಲ ಅನ್ನುವವರು ಇಲ್ಲ, ಅಷ್ಟೇ, ಅಷ್ಟಕ್ಕೇ ನಾಟಿ ಬಿಟ್ಟು ಬಸ್ಸು ಹತ್ತುವುದು, ತಾಯಮ್ಮನಿಗೆ ಹೇಳಿದರೆ ನಕ್ಕು ಸಾಯುತ್ತಾಳೆ.

ಮಂಡ್ಯದ ಶೋರೂಮಿನ ಗಾಜಿನ ಬಾಗಿಲು ತಣ್ಣಗಿತ್ತು, ಒಳಗೆ ಮೂರು ಟ್ರ್ಯಾಕ್ಟರು, ಹಣೆಗೆ ಅರಿಸಿನ ಕುಂಕುಮ, ಮುಂದೆ ಅರ್ಧಚಂದ್ರದ ಹಾಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಅಷ್ಟೊಂದು ಕುರ್ಚಿ ಯಾಕೋ, ಸಭೆ ಇದೆಯೇನೋ, ನಡುವಿನದರಲ್ಲಿ ಕೂತ, ಎಡಕ್ಕೂ ಬಲಕ್ಕೂ ಖಾಲಿ, ಸಂತೋಷ್ ಅಂತ ಎದೆಗೆ ಹೆಸರು ಚುಚ್ಚಿಕೊಂಡ ಹುಡುಗ ಬಂದು ಕೈಮುಗಿದು, ಯಾವೂರಾಯ್ತು ಅಣ್ಣ? ಪೂರಿಗಾಲಿ. ಹೆಸ್ರು? ದೊಡ್ಡಸಿದ್ದಯ್ಯ. ತಾತನ ಹೆಸರು ಬಾಯಿಗೆ ಬಂದಿತ್ತು, ಹುಡುಗ ಒಂದು ಗಳಿಗೆ ಮುಖ ನೋಡಿ, ಆಮೇಲೆ ಶುರು ಮಾಡಿದ, ಪಾಠ ಒಪ್ಪಿಸುವ ಹಾಗೆ, ಇಂಜಿನ್ನು, ಗೇರು, ಗ್ಯಾರಂಟಿ, ಸಾಲ, ಒಂದನ್ನೂ ಬಿಡಲಿಲ್ಲ, ನೀರು ಬಂತು, ಬಾದಾಮಿ ಹಾಲು ಬಂತು, ನಗು ಎಲ್ಲಿ ಬೇಕೋ ಅಲ್ಲಿ ಬಂತು, ಇಷ್ಟು ಚೆನ್ನಾಗಿ ಯಾರೂ ಇವನಿಗೆ ಯಾವತ್ತೂ ಏನನ್ನೂ ಹೇಳಿರಲಿಲ್ಲ, ಹತ್ತಿ ಕೂತ್ಕಳಿ ಅಣ್ಣ ಅಂದ, ಹತ್ತಿದ, ಕೆಳಗೆ ಕುರ್ಚಿಗಳು ಬಾಯಿ ತೆರೆದುಕೊಂಡು ಇವನನ್ನೇ ನೋಡುತ್ತಿದ್ದವು, ಇಳಿದ ಮೇಲೆ ಹುಡುಗ ದನಿ ತಗ್ಗಿಸಿ, ಅಣ್ಣ, ಬೇಜಾರ್ ಮಾಡ್ಕಬ್ಯಾಡಿ, ನೀವು ಚೆಕ್ ಮಾಡೋಕೆ ಬಂದಿರೋರು ತಾನೆ?

ಚೆಕ್ಕೇನಪ್ಪ, ನಾನು ಗಾಡಿ ನೋಡಾಕೆ ಬಂದೆ. ಬುಡಣ್ಣ, ಮಳವಳ್ಳಿ ಶೋರೂಮಲ್ಲಿ ಸ್ವರೂಪ್ ಅಂತ ನಮ್ಮ ಹುಡುಗ ಅವ್ನೆ, ಮೊದ್ಲೇ ಹೇಳಿದ್ದ, ಯಜಮಾನ್ರು ಒಬ್ರು ಬತ್ತಾರೆ, ಒಬ್ರೇ ಬತ್ತಾರೆ ಅಂತ, ನಮ್ಮ ಸೀಮೇಲಿ ಟ್ರಾಕ್ಟ್ರು ತಗಳಾಕೆ ಯಾರಾದ್ರೂ ಒಬ್ರೇ ಬತ್ತಾರಾ ಅಣ್ಣ? ಬಾಮೈದ ಬೇಕು, ಟೈರಿಗೆ ಒದ್ದು ನೋಡಕ್ಕೊಬ್ಬ ಮೆಕಾನಿಕ್ಕು ಬೇಕು, ಈ ಕಂಪ್ನೀದು ಬ್ಯಾಡ ಕಣ್ಲಾ ಅನ್ನಕ್ಕೆ ಪಕ್ಕದ್ಮನೆಯೋನು ಬೇಕು, ಹೆಂಡ್ತಿ ಬಂದು ಬಣ್ಣ ಒಪ್ಬೇಕು, ಒಬ್ರೇ ಬರೋರು ಎರಡೇ ಜಾತಿ, ಒಂದು ನಿಮ್ಮಂಗೆ ಕಂಪ್ನಿಯೋರು, ಇನ್ನೊಂದು ಹೆಂಡ್ತಿ ಕೈಲಿ ಬೈಸ್ಕಂಡು ಬಂದು ಇಲ್ಲಿ ಫ್ಯಾನ್ ಕೆಳಗೆ ಕೂರೋರು. ನಕ್ಕ ಹುಡುಗ, ನಿಂಗಯ್ಯನೂ ನಕ್ಕ, ಹೌದಲ್ಲ, ಅಪ್ಪ ಹಳೇ ಗಾಡಿ ತಂದಾಗ ಒಂದು ಟೆಂಪೋ ಜನ ಹೋಗಿದ್ದೆವು, ಮಾದ ಆಗ ಮೀಸೆ ಚಿಗುರದ ಹೈದ, ನನ್ನ ಪಕ್ಕದಲ್ಲೇ ಕೂತಿದ್ದ, ಇಷ್ಟೂ ಗೊತ್ತಿದ್ದೂ ಹೊಳೆಯಲಿಲ್ಲವೇ, ಹೆಸರು ಬದಲಿಸಿಕೊಂಡೆ ಊರು ಬದಲಿಸಿಕೊಂಡೆ, ಜನ ಎಲ್ಲಿಂದ ತರಲಿ — ಹುಡುಗನ ಮಾತು ಇನ್ನೂ ನಡೆದಿತ್ತು, ಅದ್ಕೇ ಅಣ್ಣ ಕುರ್ಚಿ ಸಾಲಾಗಿ ಹಾಕಿರ್ತೀವಿ, ಇದೇ ದುದ್ದದ ಕಡೆಯೋರು ಒಬ್ರು ಬಂದಿದ್ರು, ಮಾದಯ್ಯ ಅಂತ, ಆಷಾಢಕ್ಕೆ ಮುಂಚೆ, ಹಳೇದು ಕೊಟ್ಟು ಹೊಸದು ತಗಳಾದು, ಮನೆಯೋರು, ಮೆಕಾನಿಕ್ಕು ಅಪ್ಪು, ಬೀಗ್ರು, ಎಲ್ಲಾ ಕುರ್ಚಿ ತುಂಬೋಗಿತ್ತು, ಒಂದು ಬುಟ್ಟು, ಅದ್ರ ಮೇಲೆ ಅವ್ರು ಎಗಲ ಮೇಲಿನ ಟವಲ್ಲು ಹಾಕಿದ್ರು, ಬಸ್ಸಲ್ಲಿ ಸೀಟು ಹಿಡೀತಾರಲ್ಲ ಹಂಗೆ, ಯಾರೋ ಕೂರಕ್ಕೋದ್ರೆ, ಏ ಅದು ನಮ್ಮಣ್ಣಂದು ಕಣಯ್ಯ ಏಳು ಅಂದ್ರು.

ಯಾರದು? ಅವರಣ್ಣಂದಂತೆ, ಹೇಳಿ ಕಳಿಸಿದ್ರಂತೆ, ಅಡ್ವಾನ್ಸು ಅಣ್ಣನ ಕೈಯಲ್ಲೇ ಕೊಡುಸ್ಬೇಕು, ನಮ್ಮಪ್ಪ ಇಲ್ಲ ಅವನೇ ದೊಡ್ಡೋನು ಅಂತ, ಬತ್ತಾನೆ ಬತ್ತಾನೆ ಅಂತ ಬಾಗಿಲು ನೋಡದೇ ಆಯ್ತು, ಫ್ಯಾನ್ ಗಾಳಿಗೆ ಟವಲ್ಲು ಜಾರಿ ಬಿತ್ತು, ಎತ್ತಿ ಕೊಡವಿ ಮತ್ತೆ ಹಾಕಿದ್ರು, ಮತ್ತೆ ಜಾರ್ತು, ಮತ್ತೆ ಹಾಕಿದ್ರು, ಅಷ್ಟೊತ್ಗೆ ರಾಹುಕಾಲ ಹಿಡ್ಕತು, ಬೀಗ್ರು ಬೈದ್ರು, ಅವ ಬರಕಿಲ್ಲ, ನೀನೇ ಕೊಡಯ್ಯ ಅಂದ್ರು, ಒಪ್ಲಿಲ್ಲ, ಟವಲ್ಲು ಎಗಲಿಗೆ ಹಾಕ್ಕಂಡು ಎದ್ದೋದ್ರು, ಆಮೇಲೆ ಆಷಾಢ, ಇನ್ನೂ ಬಂದಿಲ್ಲ, ನಾನೇ ಫೋನ್ ಮಾಡಿದ್ದೆ, ಅಣ್ಣ ಬಂದಾಗ ಬತ್ತೀವಿ ಅಂದ್ರು, ಇದು ಕಣಣ್ಣ ನಿಜವಾದ ಗಿರಾಕಿ ಅಂದ್ರೆ, ಮುಂದಿನ ಸಲ ನೀವು ಬರೋವಾಗ ಒಬ್ಬ ತಮ್ಮನ್ನಾದ್ರೂ ಕರ್ಕಂಬನ್ನಿ, ಯಾರ್ಗೂ ಗೊತ್ತಾಗಕಿಲ್ಲ. ನಿಂಗಯ್ಯ ಲೋಟ ಕೆಳಗಿಟ್ಟ, ಪೂರಿಗಾಲಿ ದೊಡ್ಡಸಿದ್ದಯ್ಯನಿಗೆ ದುದ್ದದ ಕಡೆಯ ಮಾದಯ್ಯ ಏನಾಗಬೇಕು, ಏನೂ ಅಲ್ಲ, ಒಳ್ಳೆ ತಮ್ಮ ಕಣಪ್ಪ ಅಂದ, ಹೂ ಅಣ್ಣ ಅಂದ ಹುಡುಗ, ಬಾಗಿಲವರೆಗೆ ಬಂದು, ಗುರ್ತು ಹಿಡಿದೆ ಅಂತ ಮಾತ್ರ ಹೇಳ್ಬ್ಯಾಡಿ, ನನ್ನ ಕೆಲ್ಸಕ್ಕೇ ಕುತ್ತು ಬತ್ತದೆ.

ಬಸ್ಸಿನ ಕಿಟಕಿಯಲ್ಲಿ ಕಬ್ಬು, ಕಬ್ಬು, ಆಲೆಮನೆಯ ಹೊಗೆ, ಮತ್ತೆ ಕಬ್ಬು, ದೇವಿರಮ್ಮ ಬಂದಿದ್ದಳು, ಮಾದನ ಹೆಂಡತಿ, ಅವರು ಶೋರೂಮಿಗೆ ಹೋದ ಹಿಂದಿನ ದಿನ ಸಂಜೆ, ಸೆರಗು ತಲೆಗೆ ಎಳೆದುಕೊಂಡು ಕೊಟ್ಟಿಗೆಯ ಕಂಬದ ಮರೆಯಲ್ಲಿ ನಿಂತು, ಬಾವ, ನಾಳೆ ಮಂಡ್ಯಕ್ಕೆ ಓಯ್ತಾವರೆ, ನೀವೂ ಬರ್ಬೇಕಂತೆ. ಯಾಕೆ, ಅವುನ್ಗೆ ಬಾಯಿಲ್ವಾ? ಅಂದಿದ್ದ, ಅವಳು ಬಂದ ದಾರಿಯಲ್ಲೇ ಹೋದಳು, ಮಾರನೇ ದಿನ ಹೊಸ ಪಂಚೆ ಉಟ್ಟು ಹೊರಟಿದ್ದು ಹೌದು, ಮಳವಳ್ಳಿಗೆ, ಅಲ್ಲಿಯ ಶೋರೂಮಿಗೆ, ಸ್ವರೂಪನ ಮುಂದೆ, ಅಲ್ಲಿಯೂ ಕುರ್ಚಿಗಳಿದ್ದವು, ಅಲ್ಲಿಯೂ ನಡುವೆ ಕೂತಿದ್ದ, ಅದೇ ಹೊತ್ತಿಗೆ ಇಲ್ಲಿ ಇವನ ಕುರ್ಚಿಯ ಮೇಲೆ ಟವಲ್ಲು, ಆ ಟವಲ್ಲು ಗೊತ್ತು, ನೀಲಿ ಚೌಕುಳಿ, ಒಂದು ಅಂಚು ಕಿತ್ತಿದೆ, ಬೇಲಿ ನೋಡುವ ನೆಪದಲ್ಲಿ ಎಷ್ಟು ಸಲ ನೋಡಿಲ್ಲ — ಫೋನು, ದೀಪಿಕ, ಮಾವ, ಹೆಂಗಾಯ್ತು? ಚೆನ್ನಾಗಿ ತೋರಿಸ್ದ ಕಣವ್ವ, ಒಳ್ಳೆ ಹುಡುಗ. ಗುರುತು ಗಿರುತು ಹಿಡೀಲಿಲ್ಲ ತಾನೆ? ಅರ್ಧ ಹಿಡ್ದ. ಅಂದ್ರೆ? ಅಂದ್ರೆ ಏನಿಲ್ಲ, ನನ್ನ ಮುಖ ಹಳೇದಾಯ್ತು, ಅವನ ತಪ್ಪೇನಿಲ್ಲ, ನನ್ನ ಬುಟ್ಟುಬುಡವ್ವ, ಬೇರೆಯೋರ್ನ ನೋಡ್ಕೊ, ಒಬ್ರನ್ನೇ ಕಳಿಸ್ಬ್ಯಾಡ. ಅವಳು ಏನೋ ಹೇಳುತ್ತಿದ್ದಳು, ಬಸ್ಸು ಹಂಪಿನ ಮೇಲೆ ಎಗರಿತು, ಮಾತು ಕಟ್ಟಾಯಿತು, ಹೋದರೆ ಹೋಗಲಿ ಆ ಕೆಲಸ.

ಊರ ಬೀದಿ, ಹೊತ್ತು ಇಳಿಯುತ್ತಿದೆ, ದನಗಳು ಮನೆಗೆ ಬರುತ್ತಿವೆ, ಮಾದನ ಮನೆಯ ಮುಂದೆ ಹಳೇ ಟ್ರ್ಯಾಕ್ಟರು ಹೊಟ್ಟೆ ಬಿಚ್ಚಿಕೊಂಡು ನಿಂತಿದೆ, ಮೆಕಾನಿಕ್ಕು ಅಪ್ಪು ಅಡಿಯಲ್ಲಿ ಮಲಗಿದ್ದಾನೆ, ಕಾಲಷ್ಟೇ ಕಾಣುತ್ತದೆ, ಸ್ಪ್ಯಾನರ್ ಕೊಡಣ್ಣ, ಅದಲ್ಲ, ದೊಡ್ದು, ಮಾದ ಕುಕ್ಕರಗಾಲಲ್ಲಿ ಕೂತು ಕೊಡುತ್ತಿದ್ದಾನೆ, ಬೆನ್ನು ಈ ಕಡೆಗೆ, ಬೆನ್ನು ಅಪ್ಪನದೇ, ಇದು ಇವತ್ತು ಏಳಕಿಲ್ಲ ಕಣಣ್ಣ, ನಾಳೆ ನೋಡಾನ, ಗದ್ದೆ ನೀರು ಬತ್ತೋಯ್ತದಲ್ಲೋ ಅಪ್ಪು, ದೇವಿರಮ್ಮ ಬಾಗಿಲಲ್ಲಿ ಮೊರ ಹಿಡಿದು ನಿಂತವಳು ಇವನನ್ನು ಕಂಡಳು, ಬನ್ನಿ ಬಾವ ಅಂದಳು, ಅಭ್ಯಾಸಕ್ಕೆ ಅಂದಳೋ ಏನೋ, ಮಾದನ ಬೆನ್ನು ಒಮ್ಮೆ ನೆಟ್ಟಗಾಯಿತು, ತಿರುಗಲಿಲ್ಲ, ಈಗ ಹೇಳಬೇಕು, ಯಾವತ್ತು ಓಗಾನ ಮಂಡ್ಯಕ್ಕೆ, ಅಷ್ಟೇ, ಇನ್ನೇನೂ ಬೇಡ, ಇಡೀ ಬಸ್ಸಿನಲ್ಲಿ ಹೇಳಿಕೊಂಡು ಬಂದದ್ದು, ಯಾವತ್ತು ಓಗಾನ್ಲಾ, ಗಂಟಲಿಗೆ ಬಂತು, ಹಲ್ಲಿಗೆ ಬಂತು, ಆದರೆ ಹೇಳಿದರೆ ಕೇಳುತ್ತಾನೆ, ಅವತ್ತು ಎಲ್ಲಿದ್ದೆ ಅಂತ, ಕೇಳದೆ ಇರುತ್ತಾನೆಯೇ, ಎಲ್ಲಿದ್ದೆ ಅಂತ ಹೇಳುವುದು, ಇನ್ನೊಂದು ಅಂಗಡಿಯಲ್ಲಿ ಬೇರೆ ಹೆಸರಲ್ಲಿ ಟ್ರ್ಯಾಕ್ಟರು ಕೊಳ್ಳುವವನಾಗಿ ಕೂತಿದ್ದೆ ಅಂತಲೇ, ನಾಟಿ ಮುಗೀತೇನೋ, ನೋಡಿ ಬತ್ತೀನಿ ಕಣವ್ವ ಅಂದಿತು ಬಾಯಿ, ದೇವಿರಮ್ಮನಿಗೆ, ಕಾಲು ಮುಂದೆ ಇಟ್ಟಿತು, ಹಿಂದೆ ಸ್ಪ್ಯಾನರ್ ಕಲ್ಲಿನ ಮೇಲೆ ಬಿದ್ದ ಸದ್ದು, ಬೀದಿ ತಿರುಗಿತು, ಗದ್ದೆ ಬಯಲು ಬಂತು, ಹೊಸ ಪೈರು ನೀರಲ್ಲಿ ತೆಳ್ಳಗೆ ನಿಂತಿದೆ, ತಾಯಮ್ಮ ಏನೋ ಕೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ಕೆಂಪು ಕುರ್ಚಿ, ಅದರ ಮೇಲೆ ಅಂಚು ಕಿತ್ತ ಟವಲ್ಲು, ಗಾಳಿಗೆ ಜಾರಿತು, ಮಾದ ಎತ್ತಿ ಕೊಡವಿ ಹಾಕಿದ, ಜಾರಿತು, ಎತ್ತಿ ಹಾಕಿದ, ಬಾಗಿಲು ನೋಡಿದ, ಜಾರಿತು, ಎತ್ತಿ —