ಡಿಕ್ಕಿಯೊಳಗಿನ ಪರದೆಗಳು

ಇನ್ಶೂರೆನ್ಸ್ ಸರ್ವೇಯರ್ ಬರುತ್ತಾರೆ ಅನ್ನುವಷ್ಟರಲ್ಲಿ ಅಜ್ಜಿ ಕಾರನ್ನು ತಿಕ್ಕಿ ತೊಳೆದು ಥಳಥಳ ಹೊಳೆಸಿಬಿಟ್ಟಿದ್ದಳು.

ಚುಕ್ಕಿ ಹೊಲಿಗೆ ಮಿಷನ್ ಬಿಟ್ಟೆದ್ದು ಬಾಗಿಲಿಗೆ ಬಂದಾಗ ಎಲ್ಲ ಮುಗಿದುಹೋಗಿತ್ತು. ಸೋಪಿನ ನೊರೆ ಮೋರಿಯ ಕಡೆಗೆ ಹರಿಯುತ್ತಿತ್ತು. ಅಜ್ಜಿ ಪಾತ್ರೆ ಉಜ್ಜುವ ನಾರನ್ನು ಹಿಂಡುತ್ತ, ಮೊಮ್ಮಗುವಿಗೆ ನೀರು ಹಾಕಿ ಮುಗಿಸಿದವಳಂತೆ ಹಿಗ್ಗಿನಿಂದ ನಿಂತಿದ್ದಳು.

"ಅಜ್ಜೀ, ಆ ಹಳದಿ ಗೆರೆ ಎಲ್ಲಿ?"

"ಹೋಯ್ತು ಕಣೆ! ಜಪ್ಪಯ್ಯ ಅಂದ್ರೂ ಬಿಡ್ತಿರಲಿಲ್ಲ. ಉಗುರು ಹಾಕಿ ಕೆರೆದೆ. ಬರೋರು ದೊಡ್ಡ ಮನುಷ್ಯರು, ಹೊಲಸು ಗಾಡಿ ತೋರ್ಸಿದ್ರೆ ನಮ್ಮ ಬಗ್ಗೆ ಏನಂದುಕೋತಾರೆ?"

ಚುಕ್ಕಿ ಓಡಿಹೋಗಿ ಕಾರಿನ ಹಿಂಭಾಗ ತಡವಿದಳು. ಅವರ ಕೈಲಿದ್ದ ಒಂದೇ ಒಂದು ಸಾಕ್ಷಿ ಅಂದರೆ ಆ ಗೆರೆ.

ಮೊನ್ನೆ ಸಂಜೆ, ಮನೆ ಮುಂದೆ ತನ್ನ ಪಾಡಿಗೆ ನಿಂತಿದ್ದ ಈ ನೀಲಿ ಕಾರಿಗೆ ಪಕ್ಕದ ಮನೆಯ ಬ್ಯಾಂಡ್ ಮಾಸ್ತರರ ಹಳದಿ ವ್ಯಾನು ಹಿಂದಕ್ಕೆ ಬಂದು ಗುದ್ದಿತ್ತು. ಕಿಟಕಿಯಿಂದ ಕಣ್ಣಾರೆ ಕಂಡವಳು ಚುಕ್ಕಿ. ಧಡ್ ಎಂದು ಸದ್ದಾಯಿತು, ವ್ಯಾನಿನೊಳಗಿನ ತಾಳಗಳೆಲ್ಲ ಝಲ್ಲೆಂದವು. ಮಾಸ್ತರರು ಇಳಿದು ನೋಡುವುದಿರಲಿ, ತಿರುಗಿಯೂ ನೋಡಲಿಲ್ಲ. ಶಿಳ್ಳೆ ಹಾಕುತ್ತ ಹೊರಟೇ ಹೋದರು. ಆಮೇಲೆ ಚುಕ್ಕಿ ತೆಗೆದ ಫೋಟೋದಲ್ಲಿ ಬೀದಿ ದೀಪದ ಬೆಳಕು ಬಿದ್ದು ಕಾರು, ಗೋಡೆ, ಮೋರಿ, ಬೆಕ್ಕು ಎಲ್ಲವೂ ಹಳದಿಯಾಗಿಯೇ ಕಾಣುತ್ತಿದ್ದವು. ಅದನ್ನು ಯಾರಿಗೆ ತೋರಿಸುವುದು? ಹೋಗಲಿ, ಮಾಸ್ತರರ ವ್ಯಾನಿನ ಮೇಲೆ ನೀಲಿ ಬಣ್ಣ ಹುಡುಕೋಣ ಅಂದರೆ ಅದರ ಹಿಂಭಾಗದಲ್ಲಿ ಊರಿನ ಅಷ್ಟೂ ಬಣ್ಣಗಳಿದ್ದವು.

ಅಮ್ಮ ಆಗಲೇ ಹೋಗಿ ಜಗಳ ಆಡಿ ಬಂದಿದ್ದಳು. "ಗುದ್ದಿದ್ರೆ ನಂಗೆ ಗೊತ್ತಾಗಲ್ವೇನಮ್ಮ? ಸದ್ದಾದ್ರೂ ಕೇಳ್ತಿರಲಿಲ್ವಾ?" ಎಂದಿದ್ದರಂತೆ ಅವರು. "ಹಲ್ಲು ಬಿಟ್ಕೊಂಡು ಸುಳ್ಳು ಹೇಳ್ತಾನೆ ಮಹಾರಾಯ" ಎಂದು ಅಮ್ಮ ಅವತ್ತಿನಿಂದ ಅವರ ಮನೆ ಕಡೆ ಮುಖ ಹಾಕಿರಲಿಲ್ಲ.

ಬರೀ ತಗ್ಗು ಬಿದ್ದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಡಿಕ್ಕಿಯ ಮುಚ್ಚಳ ಒಳಕ್ಕೆ ಮಡಚಿ, ಬೀಗ ಹಲ್ಲು ಕಚ್ಚಿ ಕೂತುಬಿಟ್ಟಿತ್ತು. ಒಳಗೆ ಹೊಸ ಹೋಟೆಲಿನ ಪರದೆಗಳು. ಮನೆಯಲ್ಲಿ ಇಡಲು ಜಾಗವಿಲ್ಲದೆ, ಹೊಲಿದು ಇಸ್ತ್ರಿ ಮಾಡಿದ್ದನ್ನೆಲ್ಲ ಅಲ್ಲೇ ತುಂಬಿಟ್ಟಿದ್ದರು. ಹಳೇ ಕಾಲದ ಕಾರು, ಹಿಂದಿನ ಸೀಟು ಮಡಚುವುದಿಲ್ಲ. ನಾಳೆ ಬೆಳಿಗ್ಗೆ ಹೋಟೆಲ್ ಶುರು. ಇವತ್ತು ಕತ್ತಲಾಗುವುದರೊಳಗೆ ಪರದೆ ತೂಗುಹಾಕಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದು ಹೋಟೆಲಿನವನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ಹರಿದ ಪ್ಯಾಂಟು, ಕಿತ್ತ ಜಿಪ್ಪು ಹೊಲಿಯುತ್ತಲೇ ಬಂದ ತಾಯಿ ಮಗಳಿಗೆ ಇದು ಸಿಕ್ಕಿದ ಮೊದಲ ದೊಡ್ಡ ಕೆಲಸ. ಹಾರೆ ಹಾಕಿ ಎಬ್ಬಿಸೋಣವೆಂದರೆ ಇನ್ಶೂರೆನ್ಸ್ ಕಚೇರಿಯ ಹುಡುಗಿ ಫೋನಿನಲ್ಲೇ ಗದರಿದ್ದಳು: "ಸರ್ವೇಯರ್ ನೋಡಿ ಹೂಂ ಅನ್ನೋ ತನಕ ಮುಟ್ಟಬೇಡಿ. ಮುಟ್ಟಿದ್ರೆ ಕ್ಲೇಮ್ ಮರೆತುಬಿಡಿ."

ಸರ್ವೇಯರ್ ಸ್ಕೂಟರಿನಲ್ಲಿ ಬಂದ. ನೆಗಡಿಯಾಗಿ ಮೂಗು ಕೆಂಪಾಗಿದ್ದ ತೆಳ್ಳನೆಯ ಮನುಷ್ಯ. ಹೆಲ್ಮೆಟ್ ತೆಗೆದವನು ಕಾರು ನೋಡಿ ಹುಬ್ಬೇರಿಸಿದ.

"ಏನಮ್ಮಾ, ಈಗಷ್ಟೇ ಶೋರೂಮಿಂದ ತಂದ್ರಾ?"

"ನಾನೇ ತೊಳೆದಿದ್ದು" ಎಂದಳು ಅಜ್ಜಿ, ಬೀಗುತ್ತ.

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಸರ್ವೇಯರ್ ಬಗ್ಗಿ ತಗ್ಗು ನೋಡಿದ, ಬೆರಳಾಡಿಸಿದ, ಸೀನಿದ. "ನೋಡಿ, ಪಕ್ಕದವರು ಗುದ್ದಿದ್ರು ಅಂತ ಕ್ಲೇಮ್ ಹಾಕಿದ್ದೀರಿ. ಅವರು ಇಲ್ಲ ಅಂತಾರೆ. ಬಣ್ಣ ಗಿಣ್ಣ ಏನೂ ಅಂಟಿಲ್ಲ. ನೀವೇ ಯಾವುದೋ ಕಂಬಕ್ಕೆ ಕೊಟ್ಟಿರಬಹುದು ಅಂತ ನಮ್ಮ ಮೇಲಿನವರು ಕೇಳ್ತಾರೆ. ನಾನು ಬರೆದು ಕಳಿಸ್ತೀನಿ, ಅವರು ಹೇಳಲಿ. ಅಲ್ಲೀವರೆಗೆ ಮುಟ್ಟಬೇಡಿ."

"ಅಯ್ಯೋ ದೇವರೇ, ಸಂಜೆಗೆ ಪರದೆ ಬೇಕು ಸಾರ್!" ಎಂದಳು ಅಮ್ಮ.

ಅಷ್ಟರಲ್ಲಿ ಬ್ಯಾಂಡ್ ಮಾಸ್ತರರೇ ತಮ್ಮ ಗೇಟು ದಾಟಿ ಬಂದರು. ಭಾರಿ ಆಳು, ಕಹಳೆ ಊದಿ ಊದಿ ಉಬ್ಬಿದ ಕೆನ್ನೆ. ಬಂದವರೇ ಸರ್ವೇಯರ್ ಎದುರು ಎದೆಯುಬ್ಬಿಸಿ ನಿಂತರು.

"ನೋಡಿ ಸ್ವಾಮಿ, ನಾನು ಇರುವೆಗೂ ದಾರಿ ಬಿಟ್ಟು ಗಾಡಿ ಓಡಿಸೋನು."

"ಇರುವೆಗೆ ಬಿಡ್ತಾರೆ, ಕಾರಿಗೆ ಬಿಡಲ್ಲ" ಎಂದಳು ಅಮ್ಮ.

ಆಗಲೇ ಅಜ್ಜಿಯ ಕೈಯಿಂದ ಕಬ್ಬಿಣದ ಬಕೆಟ್ಟು ಜಾರಿ ಮಾಸ್ತರರ ಬೆನ್ನ ಹಿಂದೆ ಧಡಾರೆಂದು ಬಿತ್ತು. ಸರ್ವೇಯರ್ ಹಾರಿಬಿದ್ದು ಫೋನು ಬೀಳಿಸಿಕೊಳ್ಳುವುದರಲ್ಲಿದ್ದ. ಅಮ್ಮ "ಅಮ್ಮಮ್ಮಾ" ಎಂದಳು. ಮಾಸ್ತರರು ಮಾತ್ರ ಕಣ್ಣೆವೆ ಇಕ್ಕದೆ ಸರ್ವೇಯರನ ತುಟಿಯನ್ನೇ ನೋಡುತ್ತಿದ್ದರು.

ಚುಕ್ಕಿಗೆ ತಟ್ಟನೆ ಹೊಳೆಯಿತು. ಇವರು ಸುಳ್ಳು ಹೇಳುತ್ತಿಲ್ಲ! ಇವರಿಗೆ ಕೇಳಿಸುವುದೇ ಇಲ್ಲ! ಬೆನ್ನ ಹಿಂದಿನಿಂದ ಕರೆದರೆ ಅವರು ಯಾವತ್ತೂ ತಿರುಗದೇ ಇದ್ದುದು, ಮಾತಾಡುವವರ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದುದು, ಎಲ್ಲ ಒಮ್ಮೆಗೇ ಕಣ್ಣಿಗೆ ಕಟ್ಟಿತು. ಪಾಪ, ಇಡೀ ಬೀದಿ ಅದನ್ನು ಜಂಬ ಅಂದುಕೊಂಡಿತ್ತು. ಆದರೆ ನಾಲ್ಕು ಜನರ ಮುಂದೆ ಅದನ್ನು ಹೇಳುವುದು ಹೇಗೆ? ಬ್ಯಾಂಡಿನವರಿಗೇ ಕಿವಿ ಕೇಳಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಅವಳು ಒಳಗೆ ಓಡಿದಳು. ಬಟ್ಟೆಗೆ ಗುರುತು ಹಾಕುವ ದರ್ಜಿ ಸೀಮೆಸುಣ್ಣ ತಂದು, ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು.

"ನನ್ ಕಿವೀಲಿ ಹೇಳಿದ್ರೆ ಏನು ಬಂತು, ಅವರಿಗೆ ಹೇಳೇ!"

ಚುಕ್ಕಿಯ ಮುಖ ಕೆಂಪೇರಿತು. ಸೀಮೆಸುಣ್ಣ ಅಂಗೈಯ ಬೆವರಿಗೆ ಜಿಗುಟಾಯಿತು. "ಸಾರ್... ವ್ಯಾನು ಇನ್ನೊಂದ್ಸಲ ಹಿಂದೆ ಬರಲಿ. ಮೆಲ್ಲಗೆ. ವ್ಯಾನಿನ ಹಿಂದೆ ಹತ್ತೋಕೆ ಅಂತ ಇರೋ ಕಬ್ಬಿಣದ ಮೆಟ್ಟಿಲಿಗೆ ಇದನ್ನ ಬಳೀತೀನಿ. ಎಲ್ಲಿ ತಾಗತ್ತೋ ಅಲ್ಲಿ ಗುರುತು ಬೀಳತ್ತೆ. ತಗ್ಗಿನ ಮೇಲೇ ಬಿದ್ರೆ..."

ಸರ್ವೇಯರನ ಕಣ್ಣು ಮಿನುಗಿತು. "ಭಲೇ! ಬಿದ್ರೆ ಫೋಟೋ ತೆಗೀತೀನಿ, ಅಷ್ಟೇ ಸಾಕು. ಮಾಸ್ತರೇ, ಆಗಬಹುದಾ?"

"ಓಹೋ, ಧಾರಾಳವಾಗಿ! ಸತ್ಯ ಹೊರಗೆ ಬರಲಿ" ಎಂದು ಮಾಸ್ತರರು ವ್ಯಾನು ಹತ್ತಿದರು.

ಸುದ್ದಿ ಅದ್ಹೇಗೆ ಹಬ್ಬಿತೋ, ಅರ್ಧ ಬೀದಿ ಬಂದು ನಿಂತಿತು. ಚುಕ್ಕಿ ಮೆಟ್ಟಿಲಿನ ಅಂಚಿಗೆ, ಅಂಚಿನಲ್ಲಿ ಉಬ್ಬಿದ್ದ ಎರಡು ಬೋಲ್ಟುಗಳಿಗೆ ಬಿಳಿ ಸೀಮೆಸುಣ್ಣ ತಿಕ್ಕಿದಳು. ವ್ಯಾನು ಗುರ್ ಎಂದು ಹಿಂದಕ್ಕೆ ಹೊರಟಿತು.

"ಬರ್ಲಿ ಬರ್ಲಿ ಬರ್ಲಿ..."

"ಎಡಕ್ಕೆ, ಎಡಕ್ಕೆ!"

"ಸಾಕು! ನಿಲ್ಸಿ!" ಎಂದು ಸರ್ವೇಯರ್ ಕೂಗಿದ. "ಸ್ಟಾಪ್ ಸ್ಟಾಪ್!" ಎಂದು ಬೀದಿಗೆ ಬೀದಿಯೇ ಅರಚಿತು. ಅಜ್ಜಿ ಬಕೆಟ್ಟನ್ನೇ ಬಡಿದಳು. ವ್ಯಾನು ಬರುತ್ತಲೇ ಇತ್ತು.

ಚುಕ್ಕಿ ಕೂಗಲಿಲ್ಲ. ಒಂದೇ ಉಸಿರಿಗೆ ಓಡಿ ಪಕ್ಕದ ಕನ್ನಡಿಯಲ್ಲಿ ಕಾಣುವ ಜಾಗಕ್ಕೆ ಹೋಗಿ, ಅಂಗೈ ಎತ್ತಿ ಹಿಡಿದಳು. ಕನ್ನಡಿಯಲ್ಲಿ ಮಾಸ್ತರರ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಬ್ರೇಕು. ಟಕ್ ಎಂದು ತಾಗಿಯೂ ತಾಗದ ಹಾಗೆ ವ್ಯಾನು ನಿಂತಿತು.

ವ್ಯಾನನ್ನು ಮುಂದಕ್ಕೆ ತೆಗೆದ ಕೂಡಲೇ ಎಲ್ಲರೂ ಮುಗಿಬಿದ್ದರು. ತಗ್ಗಿನ ಉದ್ದಕ್ಕೂ ಬಿಳಿ ಗೆರೆ! ಲೋಹದಲ್ಲಿದ್ದ ಎರಡು ಸಣ್ಣ ಕುಳಿಗಳಲ್ಲಿ ಎರಡು ಬಿಳಿ ಚುಕ್ಕೆ, ಕಾಜಕ್ಕೆ ಗುಂಡಿ ಕೂತಷ್ಟು ಸರಿಯಾಗಿ.

"ಇದಕ್ಕಿಂತ ಇನ್ನೇನು ಬೇಕು!" ಸರ್ವೇಯರ್ ಪಟಪಟ ಫೋಟೋ ಹೊಡೆದ. ನೆಗಡಿ ಮರೆತೇಹೋದಂತಿತ್ತು.

ಮಾಸ್ತರರು ಇಳಿದು ಬಂದು ಆ ಗೆರೆ ನೋಡಿದರು. ಆಮೇಲೆ ಸುತ್ತ ನಿಂತವರ ತೆರೆದ ಬಾಯಿಗಳನ್ನು, ಅಜ್ಜಿಯ ಕೈಯ ಬಕೆಟ್ಟನ್ನು ನೋಡಿದರು.

"ನೀವೆಲ್ಲ... ಕೂಗ್ತಿದ್ರಾ?"

ಚುಕ್ಕಿ ಅವರ ಎದುರು ಬಂದು, ತುಟಿ ಕಾಣುವ ಹಾಗೆ ನಿಂತು, ಮೆಲ್ಲಗೆ ತಲೆಯಾಡಿಸಿದಳು. "ಹೂಂ, ಎಲ್ಲರೂ."

ಮಾಸ್ತರರು ಕಿವಿಯ ಮೇಲೆ ಕೈಯಿಟ್ಟುಕೊಂಡರು. "ಹಾಗಾದ್ರೆ... ದೊಡ್ಡ ಡ್ರಮ್ಮಿನ ಪಕ್ಕ ನಿಂತು ನಿಂತು... ಅಯ್ಯೋ ಶಿವನೇ! ನಮ್ಮ ಹುಡುಗರು ಮೆತ್ತಗೆ ಬಾರಿಸ್ತಾರೆ, ಸೋಮಾರಿಗಳು ಅಂತ ದಿನಾ ಬೈತಿದ್ದೀನಲ್ಲ!"

ಯಾರೋ ಕಿಸಕ್ಕೆಂದರು. ಮಾಸ್ತರರೇ ಮೊದಲು ಗಹಗಹಿಸಿ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. "ತಪ್ಪಾಯ್ತಮ್ಮ, ಗುದ್ದಿದ್ದು ನಾನೇ. ಎಲ್ಲಿ ಸಹಿ ಹಾಕಲಿ ಹೇಳಿ. ನಾಳೇನೇ ಕಿವಿ ಡಾಕ್ಟರ ಹತ್ರ ಹೋಗ್ತೀನಿ."

"ನಾನೂ ಸುಳ್ಳ ಗಿಳ್ಳ ಅಂದುಬಿಟ್ಟೆ" ಎಂದಳು ಅಮ್ಮ, ನಾಚಿಕೊಂಡೇ ಅವರತ್ತ ಮುಖ ಎತ್ತಿ.

"ಅಂದ್ರಾ? ಕೇಳಿಸ್ಲಿಲ್ಲ ಬಿಡಿ!"

ಸರ್ವೇಯರ್ ಹೂಂ ಎಂದದ್ದೇ ತಡ, ಮಾಸ್ತರರು ಹಾರೆ ತಂದರು. ಎರಡು ಸಲ ಮೀಟಿದರು, ಬಗ್ಗಲಿಲ್ಲ. ಸರ್ವೇಯರೂ ತೋಳು ಮಡಚಿ ಕೈ ಹಾಕಿದ. ಕಿರ್ರ್ ಎಂದು ಮುಚ್ಚಳ ಬಾಯಿ ಬಿಟ್ಟಿತು. ಅಮ್ಮ ಕೈ ಒಳಗೆ ಹಾಕಿ ಮೇಲಿನ ಮಡಿಕೆಯನ್ನು ಸವರಿದಳು. ಹಸಿರು ಪರದೆಗಳು ಇಸ್ತ್ರಿಯ ಗೆರೆ ಕೂಡ ಕೆಡದೆ ಮಲಗಿದ್ದವು.

"ಕಾರು ಗ್ಯಾರೇಜಿಗೆ ಹೋಗಲಿ, ಪರದೆ ನನ್ನ ವ್ಯಾನಿಗೆ ಹಾಕಿ!" ಎಂದರು ಮಾಸ್ತರರು.

"ಹಾಕ್ತೀವಿ. ಆದ್ರೆ ಕೀ ಇಲ್ಲಿ ಕೊಡಿ" ಎಂದು ಅಮ್ಮ ಕೈ ಚಾಚಿದಳು, ಅವರಿಗೆ ಅರ್ಥವಾಗಲಿ ಎಂದು ಸ್ಟೇರಿಂಗ್ ತಿರುಗಿಸುವ ಹಾಗೆ ಮಾಡಿಯೂ ತೋರಿಸಿದಳು.

ಮಾಸ್ತರರು ಹಿಂದೆ, ಡ್ರಮ್ಮುಗಳ ನಡುವೆ ಪರದೆಯ ಕಟ್ಟುಗಳನ್ನು ತಬ್ಬಿ ಕೂತರು. ಕೆಳಗಿಳಿ ಎಂದರೂ ಕೇಳದೆ ಅಜ್ಜಿ ಅವರ ಪಕ್ಕ ಕೂತಳು. ಅಮ್ಮ ಗೇರು ಹಾಕಿದಳು. ಬೀದಿಯ ತಿರುವಿನಲ್ಲಿ ತಾಳಗಳೆಲ್ಲ ಒಟ್ಟಿಗೆ ಝಲ್ಲೆನ್ನುವಾಗ ಅಮ್ಮನ ಫೋನು ಹೊಡೆದುಕೊಂಡಿತು. ಹೋಟೆಲಿನವನು.

"ನೀನೇ ಮಾತಾಡು, ನನ್ ಕೈ ಬಿಡುವಿಲ್ಲ!"

ಚುಕ್ಕಿ ಫೋನು ಕಿವಿಗಿಟ್ಟಳು. ಆ ಕಡೆಯವನು ಏನೋ ಗೊಣಗುತ್ತಿದ್ದ, ಈ ಕಡೆ ತಾಳದ ಗದ್ದಲ. ಅವಳು ಉಸಿರೆಳೆದುಕೊಂಡು, ಹಿಂದೆ ಕೂತ ಮಾಸ್ತರರೂ ತಲೆಯೆತ್ತುವಷ್ಟು ಗಟ್ಟಿಯಾಗಿ ಕೂಗಿದಳು: "ಪರದೆ ತರ್ತಿದ್ದೀವಿ! ಏಣಿ ತೆಗೆದಿಡಿ!"