ಬೆನ್ನಿನ ಮಿನೆಗಿಶಿ

ಚಿತ್ರ ನಿರ್ದೇಶಕ ಮಿನೆಗಿಶಿ ತೆತ್ಸುಯಾ ನಟರ ಮುಖವನ್ನು ನೋಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ತಗ್ಗು ಮಣೆಯೊಂದರ ಮೇಲೆ ಕೂತು, ಅವರ ಹೆಗಲು, ಕತ್ತಿನ ಹಿಂಭಾಗ, ಕಿಮೊನೊದೊಳಗೆ ಬೆನ್ನು ಉಸಿರಾಡುವ ಬಗೆ, ಇವನ್ನೇ ದಿಟ್ಟಿಸುತ್ತಿದ್ದರು. ಮಾತು ಮುಗಿದು, ಅಭಿನಯ ಮುಗಿದು, ಮುಂದೇನೆಂದು ತೋಚದೆ ನಟ ಬರಿಯ ಮನುಷ್ಯನಾಗಿ ಉಳಿಯುವ ತನಕ 'ಕಟ್' ಎನ್ನುತ್ತಿರಲಿಲ್ಲ. ಟೋಕಿಯೊದ ಸ್ಟುಡಿಯೊದವರು ಅವರಿಗೆ ಇಟ್ಟ ಹೆಸರು 'ಬೆನ್ನಿನ ಮಿನೆಗಿಶಿ'.

ಕಾಣದ ನೀರಿನ ಕೊಡವೊಂದನ್ನು ಹಿಡಿದವರಂತೆ ಎಡಹೆಗಲು ಇಳಿಬಿಟ್ಟು ನಡೆಯುವರು. ಬೇಸಿಗೆಯ ಸೆಕೆಯಲ್ಲೂ ಮೈಬಿಡದ ಬೂದುಬಣ್ಣದ ಕೋಟು. ಸಿಗರೇಟಿನ ಬೂದಿ ಅದರ ಮೇಲೆ ಉದುರಿದರೆ ಬಟ್ಟೆ ಯಾವುದು, ಬೂದಿ ಯಾವುದು ಎಂಬ ಭೇದವೇ ತಿಳಿಯುತ್ತಿರಲಿಲ್ಲ. ಮಾತಂತೂ ಮಿತ. "ಇರ್ಲಿ, ಇನ್ನೊಂದ್ಸಲ" ಎಂದರೆ ಬೈಗುಳ; ಬರೀ "ಇರ್ಲಿ" ಎಂದರೆ ಹೊಗಳಿಕೆ. ಅವರ ಎಲ್ಲ ಚಿತ್ರಗಳನ್ನೂ ಸಂಕಲಿಸಿದ ಇಸೊಬೆ ಎಂಬಾಕೆಗೆ ಮಾತ್ರ ಈ ಎರಡು ಮಾತುಗಳ ನಡುವಿನ ನೂರು ಅರ್ಥಗಳು ತಿಳಿಯುತ್ತಿದ್ದವು.

ಜನ ಚಿತ್ರಮಂದಿರ ಬಿಟ್ಟು ಮನೆಯ ಟಿವಿಯ ಮುಂದೆ ಕೂತ ಕಾಲ ಬಂತು. ಮೀನುಗಾರರ ಹೆಂಡಿರನ್ನು ಕುರಿತ ಅವರ ಕೊನೆಯ ಚಿತ್ರ ಸದ್ದಿಲ್ಲದೆ ಮುಳುಗಿತು. ಅದನ್ನು ಚಿತ್ರೀಕರಿಸಿದ ಶೆಡ್ಡಿನಲ್ಲಿ ಸ್ಟುಡಿಯೊ ಕಂಪನಿಯವರು ಬೌಲಿಂಗ್ ಆಟದ ಅಂಗಳ ತೆರೆದರು. ಮಿನೆಗಿಶಿ ಟಿವಿಗೆ ಹೋದರು, ಜೊತೆಗೆ ಇಸೊಬೆಯೂ.

ಅಲ್ಲಿಯ ನಿರ್ಮಾಪಕ ಹಾನ್ಯು ನಗೆಮೊಗದವನು. "ಗುರುಗಳೇ, ನಮ್ಮ ಧಾರಾವಾಹೀನ ಹೆಂಗಸ್ರು ಮೂಲಂಗಿ ಹೆಚ್ಚುತ್ತಾ ನೋಡ್ತಾರೆ. ನೀವು ಬೆನ್ನು ತೋರಿಸ್ತಾ ಕೂತ್ರೆ, ಟಿವಿ ಕೆಟ್ಟೋಗಿದೆ ಅಂತ ಅದರ ತಲೆಗೊಂದು ತಟ್ತಾರೆ."

"ಇರ್ಲಿ. ಮೂಲಂಗಿ ಹೆಚ್ಚೋಳೂ ಮನೆಯವರಿಗೆ ಬೆನ್ನು ಹಾಕೇ ನಿಂತಿರ್ತಾಳೆ" ಎಂದರು ಮಿನೆಗಿಶಿ.

ದಕ್ಷಿಣದ ಕ್ಯುಶು ದ್ವೀಪದ ಕಲ್ಲಿದ್ದಲ ಗಣಿಯ ಊರೊಂದರ ಕತೆ ಆ ಧಾರಾವಾಹಿಯದು. ಮಗ ಗಣಿಯೊಳಗೆ ಸತ್ತ ಸುದ್ದಿ ಬಂದಾಗ ತಾಯಿ ಅಕ್ಕಿ ತೊಳೆಯುತ್ತಿದ್ದಾಳೆ. ಕೈ ನಿಲ್ಲುತ್ತದೆ, ಆಮೇಲೆ, ಮಾಡಲು ಬೇರೇನೂ ಇಲ್ಲದ್ದರಿಂದ, ಮತ್ತೆ ತೊಳೆಯುತ್ತಾಳೆ, ನೀರು ತಿಳಿಯಾಗುವವರೆಗೂ. ತಾಯಿಯ ಪಾತ್ರ ಅವರ ಹಳೆಯ ನಟಿ ತಾಕಿಯದು. ತೆರೆಯ ಮೇಲೆ ಕಂಡದ್ದು ಅವಳ ಬೆನ್ನು, ಮೊಣಕೈ, ನೀರಿನ ಸದ್ದು, ಇಷ್ಟೇ. ಚಿತ್ರೀಕರಣ ಮುಗಿದಾಗ ಮಿನೆಗಿಶಿ "ಇರ್ಲಿ" ಎಂದವರು ಮಣೆಯಿಂದ ಬಹಳ ಹೊತ್ತು ಏಳಲಿಲ್ಲ.

ಜಾಹೀರಾತು ಕೊಡುವವರಿಗೆ ಕಣ್ಣೀರು ಬೇಕಾಗಿತ್ತು. ಮಿನೆಗಿಶಿ ಒಪ್ಪಲಿಲ್ಲ. ಹಾನ್ಯು ಬೇರೊಬ್ಬ ನಿರ್ದೇಶಕನನ್ನು ಕರೆಸಿ, ತಾಕಿಯ ಅಳುವ ಮುಖವನ್ನು ತೆರೆತುಂಬ ತೆಗೆಸಿದ. ಆ ರೀಲು ಇಸೊಬೆಯ ಮೇಜಿಗೆ ಬಂದಾಗ ಆಕೆ ಕತ್ತರಿ ಮುಟ್ಟದೆ ಕೈಕಟ್ಟಿ ಕೂತುಬಿಟ್ಟಳು. ಮಧ್ಯಾಹ್ನ ಮಿನೆಗಿಶಿಯೇ ಬಂದರು.

"ನೀವೇ ಕತ್ತರಿಸಿ ಜೋಡಿಸಿ, ಇಸೊಬೆಯವ್ರೆ."

"ನನ್ನ ಕೈಲಾಗಲ್ಲ. ಕೆಲ್ಸ ಬಿಡ್ತೀನಿ."

"ಬಿಟ್ರೆ ಬೇರೆಯವ್ರು ಕತ್ತರಿಸ್ತಾರೆ. ಅವ್ರಿಗೆ ಕೈ ಎಲ್ಲಿ ನಿಂತಿತು ಅನ್ನೋದು ಗೊತ್ತಾಗಲ್ಲ. ಅದೊಂದು ಉಳೀಲಿ."

ಆಕೆ ಕತ್ತರಿಸಿದಳು. ಕೈ ನಿಂತ ಆ ಕ್ಷಣ ಉಳಿಯಿತು. ಅದರ ಬೆನ್ನಿಗೇ ಮುಖ ಬಂದು, ಕಣ್ಣೀರು ಸುರಿಯಿತು.

ದೇಶವೆಲ್ಲ ಅತ್ತಿತು, ಪ್ರಶಸ್ತಿ ಬಂತು. ಆಮೇಲೆ ಮಿನೆಗಿಶಿಯ ಬಳಿ ಬಂದವರೆಲ್ಲ ಕೇಳಿದ್ದು ಒಂದೇ, "ಅದೇ ಥರ ಒಂದು ಅಳು". ಹೆಂಡತಿ ದೀರ್ಘಕಾಲ ಆಸ್ಪತ್ರೆಯಲ್ಲಿದ್ದಳು, ದುಡ್ಡು ಬೇಕಿತ್ತು; ಅವರು ಇಲ್ಲವೆನ್ನಲಿಲ್ಲ. ಬಿಸಿನೀರ ಬುಗ್ಗೆಯ ಊರುಗಳಲ್ಲಿ ಕೊಲೆ, ಕಡಲ ಬಂಡೆಯ ಅಂಚಿನಲ್ಲಿ ತಪ್ಪೊಪ್ಪಿಗೆ, ಮುಖದ ತುಂಬ ಕಣ್ಣೀರು: ಇಂಥವನ್ನೇ ವರ್ಷಗಟ್ಟಲೆ ತೆಗೆದರು. 'ಕಟ್' ಎಂಬ ಮಾತೂ ಬೇಗ ಬೇಗ ಬರತೊಡಗಿತು. ಹೆಂಡತಿ ತೀರಿಕೊಂಡ ಚಳಿಗಾಲದಲ್ಲಿ ಕೆಲಸ ನಿಲ್ಲಿಸಿದರು. ಮರುವರ್ಷ ಅವರೂ ಹೋದರು.

ಪತ್ರಿಕೆಗಳು 'ಕಣ್ಣೀರಿನ ನಿರ್ದೇಶಕ' ಎಂದು ಬರೆದವು. ಶವದ ಮುಂದೆ ಧೂಪ ಇಟ್ಟು ಬಂದ ಮುದುಕಿ ತಾಕಿ, ಇಸೊಬೆಯ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದಳು: "ಆ ಕಣ್ಣೀರು ನಂದೂ ಅಲ್ಲ ಕಣೆ, ಅವರದೂ ಅಲ್ಲ. ಕಣ್ಣಿಗೆ ಹಾಕೋ ಔಷಧದ್ದು."

ಇಸೊಬೆ ತಲೆದೂಗಿದಳು.

ಇಂಥವರು ಎಲ್ಲ ಕಲೆಗಳಲ್ಲೂ ಇದ್ದಾರೆ. ಜಗಳವಾಡಿ ಗೆಲ್ಲುವ ಕಸುವು ಅವರಿಗಿಲ್ಲ, ಸೋತು ನಗುವ ಜಾಣತನವೂ ಇಲ್ಲ. ತಮ್ಮದೆಂಬುದರಲ್ಲಿ ಒಂದು ಚೂರು ಉಳಿದರೆ ಸಾಕೆಂದು ಮಿಕ್ಕದ್ದನ್ನೆಲ್ಲ ಬಿಟ್ಟುಕೊಡುತ್ತಾರೆ. ಲೋಕವಾದರೋ ಆ ಚೂರನ್ನು ಕಾಣದೆ, ಅವರು ಬಿಟ್ಟುಕೊಟ್ಟದ್ದಕ್ಕೇ ಹೂಮಾಲೆ ಹಾಕುತ್ತದೆ.